ಅವತ್ತು ಕೊಳಂಬು ಕೆಟ್ಟಿತ್ತು

ಅತ್ತೆ ತೀರಿಕೊಂಡ ಹದಿನಾರನೇ ದಿನದ ಊಟಕ್ಕೆ ಪನೀರ್ ಮಾಡಿಸಿದ್ದರು. ಇದನ್ನು ನೋಡಿದ್ದರೆ ಅತ್ತೆ ಇನ್ನೊಂದು ಸಲ ಸಾಯುತ್ತಿದ್ದಳು ಎಂದು ಪಕ್ಕದಲ್ಲಿ ಕೂತಿದ್ದವರು ಪಿಸುಗುಟ್ಟಿದರು. ಅವರಿಗೆ ಅತ್ತೆ ಗೊತ್ತೇ ಇರಲಿಲ್ಲ ಅಂತಾಯಿತು. ಅವಳು ಸಾಯುವವಳಲ್ಲ, ಎದ್ದು ಬಂದು ಬಾಣಲೆ ಕವುಚುವವಳು.

ಅಡಿಗೆಯವರನ್ನು ತೇನಿ ಪೇಟೆಯಿಂದ ಕರೆಸಿದ್ದರು. ಎಲ್ಲರ ತಲೆಯ ಮೇಲೂ ಬಿಳಿ ಟೋಪಿ, ಕೈಗೆ ಪ್ಲಾಸ್ಟಿಕ್ ಗವಸು. ಎಲೆಯ ತುದಿಯಿಂದ ತುದಿಗೆ ಬಡಿಸಿದರು. ಕೆಂಪಗೊಂದು, ಹಳದಿಯಾಗೊಂದು, ಹಸಿರಾಗೊಂದು. ಕಣ್ಣು ಮುಚ್ಚಿಕೊಂಡು ಉಂಡರೆ ಯಾವುದು ಯಾವುದೆಂದು ಹೇಳಲಾಗದು, ಎಲ್ಲಕ್ಕೂ ಒಂದೇ ಎಣ್ಣೆಯ ರುಚಿ. ಜನ ಅರ್ಧ ಉಂಡರು, ಅರ್ಧ ಎಲೆಯಲ್ಲೇ ಮಡಚಿ ಎದ್ದರು. ಕೈ ತೊಳೆದು ಬಂದವರು ಅತ್ತೆಯ ಫೋಟೋ ಮುಂದೆ ನಿಂತು, "ಅನ್ನಪೂರ್ಣೆ ಕಣಮ್ಮ, ಏನೂ ಇಲ್ದೆ ಅಮೃತ ಮಾಡ್ತಿದ್ಲು" ಎಂದು ಕಣ್ಣೊರೆಸಿಕೊಂಡರು. ಇದ್ದಾಗ ಅವಳ ಮನೆಗೆ ಒಂದು ತೆಂಗಿನಕಾಯಿ ಕಳಿಸದವರು ಇವರೇ. ತೋಟದಲ್ಲಿ ಉದುರಿ ಬಿದ್ದದ್ದನ್ನು ಅವಳು ಆರಿಸಿಕೊಂಡರೆ ಕೂಗಾಡಿದವರೂ ಇವರೇ.

ಅನ್ನಪೂರ್ಣೆಯಂತೆ! ಆ ದೇವಿಯ ಪಾತ್ರೆಯಲ್ಲಿ ಯಾವತ್ತೂ ಏನಾದರೂ ಇರುತ್ತದೆ. ನಮ್ಮತ್ತೆಯ ಪಾತ್ರೆ ತಳ ಕಾಣುತ್ತಿತ್ತು. ಆಕೆಗೂ ಈಕೆಗೂ ಎಲ್ಲಿಯ ಹೋಲಿಕೆ?

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಹೋದ, ಮಕ್ಕಳಿರಲಿಲ್ಲ. ತಮಿಳು ಸೀಮೆಯ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ನಮ್ಮ ಮನೆಯ ಗೋಡೆಗೆ ಆನಿಸಿ ಕಟ್ಟಿದ್ದ ಒಂದು ಕೋಣೆಯಲ್ಲಿ ಇದ್ದಳು, ದ್ರಾಕ್ಷಿ ತೋಟಗಳಲ್ಲಿ ಗೊಂಚಲು ಕತ್ತರಿಸುವ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಮೇಲೆ. ಅತ್ತೆಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಅದಕ್ಕಾಗಿ ಅವಳನ್ನು ಮುಗ್ಧೆ ಎಂದು ಯಾರೂ ತಿಳಿಯಬೇಡಿ. ಅವಳಷ್ಟು ಜಂಬದ ಹೆಂಗಸನ್ನು ಆ ಕಣಿವೆ ಕಂಡಿಲ್ಲ.

ಜಂಬವೆಲ್ಲ ಅಡಿಗೆಯದು. ಕಂಬಂ ಸಂತೆಗೆ ಅವಳು ಹೋಗುತ್ತಿದ್ದದ್ದು ಮಾರುವವರು ಗೋಣಿ ಕೊಡವುವ ಹೊತ್ತಿಗೆ. ಚೌಕಾಸಿ ಮಾಡುತ್ತಿರಲಿಲ್ಲ, ತರಕಾರಿಗೆ ಬೈಯುತ್ತಿದ್ದಳು. "ಇದೇನು ಬದನೇಕಾಯಾ, ಸತ್ತ ಇಲಿಯಾ? ಇದನ್ನ ಮನೆಗೆ ಒತ್ಕೊಂಡೋದ್ರೆ ನಿನ್ನ ಎತ್ತುನೂ ಮೂಸಾಕಿಲ್ಲ." ಮಾರುವವನಿಗೆ ಎಲ್ಲಿ ಇನ್ನೊಬ್ಬ ಗಿರಾಕಿ ಕೇಳಿಸಿಕೊಂಡಾನೋ ಎಂಬ ಭಯ. ತಗೊಂಡು ತೊಲಗು ತಾಯಿ ಎಂದು ಅವಳ ಸೆರಗಿಗೆ ಸುರಿಯುತ್ತಿದ್ದ. ಬಾಳೆ ಗೊನೆ ಕಡಿದ ತೋಟಗಳಲ್ಲಿ ದಿಂಡು ಕೊಳೆಯಲು ಬಿಟ್ಟಿರುತ್ತಾರೆ, ಅದನ್ನು ಹೊತ್ತು ತರುತ್ತಿದ್ದಳು. ಹೂವು ತರುತ್ತಿದ್ದಳು. ಬಾಳೆಕಾಯಿಯ ಸಿಪ್ಪೆಯನ್ನೂ ಬಿಡುತ್ತಿರಲಿಲ್ಲ, ಹುರಿದು ಬೆಳ್ಳುಳ್ಳಿ ಸೇರಿಸಿ ಅರೆದರೆ ಅದು ತೊಗೆ, ಅಂದರೆ ಗಟ್ಟಿ ಚಟ್ನಿ. ನುಗ್ಗೆ ಮರ ಯಾರ ಮನೆಯ ಬೇಲಿಯಲ್ಲಿದ್ದರೂ ಅದು ತನ್ನದೆಂದೇ ಅವಳ ನಂಬಿಕೆ.

ರೇಷನ್ ಅಕ್ಕಿಯ ವಿಷಯಕ್ಕೆ ಬಂದರೆ ನಮ್ಮೂರಿನ ಡೌಲು ನೋಡಬೇಕು. ಬಿಟ್ಟಿಯಾಗಿ ಸಿಗುವ ಆ ಅಕ್ಕಿಯನ್ನು ಎಲ್ಲರೂ ತರುತ್ತಾರೆ, ಯಾರೂ ಉಣ್ಣುವುದಿಲ್ಲ ಎನ್ನುತ್ತಾರೆ. ಹಸುವಿಗೆ ಹಾಕುತ್ತೇವೆ, ಇಡ್ಲಿ ಹಿಟ್ಟಿನ ಅಂಗಡಿಗೆ ಕೊಡುತ್ತೇವೆ ಎಂದು ಹೇಳಿ, ಬಾಗಿಲು ಹಾಕಿಕೊಂಡು ಅದನ್ನೇ ಬೇಯಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅತ್ತೆ ಬಾಗಿಲು ತೆರೆದೇ ಬೇಯಿಸುತ್ತಿದ್ದಳು. ಕಲ್ಲುಪ್ಪು ಹಾಕಿ ಉಜ್ಜಿ ಉಜ್ಜಿ ತೊಳೆದು, ನೆನೆಸಿ, ಒಂದು ಕುದಿ ಬಂದ ನೀರನ್ನು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ ಬಸಿದರೆ ಆ ಅಕ್ಕಿಯ ಮುಗ್ಗಲು ವಾಸನೆ ಮಂಗಮಾಯ. ಅಕ್ಕಿಯನ್ನು ಕೊನೆಗೊಂದು ಸಲ ತೊಳೆದ ನೀರನ್ನು ಚೆಲ್ಲುವುದಿಲ್ಲ. ಅದರಲ್ಲೇ ಹುಣಸೆಹಣ್ಣು ಕಿವುಚಿ ಕೊಳಂಬು. ನೀವು ಹುಳಿ ಎನ್ನುತ್ತೀರಲ್ಲ, ಸುಮಾರಾಗಿ ಅದು. ತೆಂಗಿನಕಾಯಿ ಇಲ್ಲದೆ ಗಟ್ಟಿಯಾಗುವುದು ಆ ಅಕ್ಕಿ ನೀರಿನಿಂದ.

ಒಂದು ಹಿಡಿ ಹುರುಳಿ ಅವಳ ಕೈಗೆ ಸಿಕ್ಕರೆ ಬೇಯಿಸಿದ ನೀರು ರಸವಾಗುತ್ತಿತ್ತು, ಕಾಳು ಪಲ್ಯವಾಗುತ್ತಿತ್ತು, ಉಳಿದ ಕಾಳು ಮಾರನೆಯ ದಿನ ಕಂಬಿನ ಗಂಜಿಗೆ ಚಟ್ನಿ. ಕಂಬು ಎಂದರೆ ಸಜ್ಜೆ. ಒಗ್ಗರಣೆಯಲ್ಲಂತೂ ಅವಳು ರಾಣಿ. ಬೇಸಿಗೆಯಲ್ಲಿ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ಉದ್ದು ಎಲ್ಲ ಜಜ್ಜಿ ಉಂಡೆ ಕಟ್ಟಿ ಒಣಗಿಸಿಡುತ್ತಿದ್ದಳು. ಅದಕ್ಕೆ ವಡಗ ಎನ್ನುತ್ತೇವೆ. ಬೀದಿಗೆಲ್ಲ ವಾಸನೆ ಬರಲು ಅರ್ಧ ಚಮಚ ಎಣ್ಣೆಯಲ್ಲಿ ಒಂದು ಚೂರು ವಡಗ ಸಾಕು. ಮೇಲಿನ ಬೀದಿಯ ಗಂಡಸರು ಇಲ್ಲದ ನೆಪ ಹೂಡಿಕೊಂಡು ಅಪ್ಪನನ್ನು ಮಾತಾಡಿಸಲು ಬರುತ್ತಿದ್ದ ಹೊತ್ತು ಅದೇ.

ಇಷ್ಟೆಲ್ಲ ಹೇಳಿದ ಮೇಲೆ ಅವಳನ್ನು ಒಳ್ಳೆಯವಳು ಎಂದುಬಿಟ್ಟೀರಿ. ಇರಿ. ನನ್ನಮ್ಮ ಚೆನ್ನಾಗಿ ಅಡಿಗೆ ಮಾಡುತ್ತಿದ್ದಳು. ಅತ್ತೆ ಒಂದು ದಿನ, ಬಾಯಿತಪ್ಪಿ ಕೂಡ, ಅದನ್ನು ಒಪ್ಪಲಿಲ್ಲ. ಅಮ್ಮ ಸಾಂಬಾರು ಇಳಿಸಿದರೆ ಅತ್ತೆ ಬೆರಳದ್ದಿ ಮೂಸಿ, "ಬ್ಯಾಳೆ ಆಕಿದ್ರೆ ಕತ್ತೆನೂ ಸಾಂಬಾರ್ ಮಾಡ್ತದೆ" ಎಂದು ಬೆರಳನ್ನು ಗೋಡೆಗೆ ಒರೆಸುತ್ತಿದ್ದಳು. ಯಾರಾದರೂ ಎಣ್ಣೆ ಧಾರಾಳವಾಗಿ ಬಳಸಿದರೆ, "ರುಚಿ ಎಣ್ಣೆದು. ನೀ ಯಾತಕ್ಕೆ ಅಲ್ಲಿ ನಿಂತಿದ್ದೆ?" ಎನ್ನುವಳು. ತನ್ನ ಅಡಿಗೆ ಬಡಿಸಿದರೆ ಮಾತ್ರ ಎದುರಿಗೇ ನಿಂತು ಉಣ್ಣುವವರ ಮುಖ ನೋಡುತ್ತಿದ್ದಳು. ಮೂಗಿನ ತುದಿಯಲ್ಲಿ ಬೆವರು ಮೂಡಬೇಕು, ಎರಡನೇ ಸಲ ಕೇಳಬೇಕು. ಕೇಳದಿದ್ದವರೊಂದಿಗೆ ಮಾತು ಬಿಡುತ್ತಿದ್ದಳು. ಚೆನ್ನಾಗಿದೆ ಎಂದು ಹೊಗಳಿದರೆ, "ನಿನ್ನ ನಾಲಿಗೆನ ಯಾರು ಕೇಳಿದ್ರು?" ಎಂದು ಅದಕ್ಕೂ ಗದರುವಳು. ಅಮ್ಮ ಅವಳಿಂದಾಗಿ ಎಷ್ಟು ಸಲ ಅತ್ತಿದ್ದಾಳೋ ನನಗೆ ಗೊತ್ತು. ಬಡತನ ಜನರನ್ನು ಮೃದು ಮಾಡುತ್ತದೆ ಎಂಬುದು ಯಾರೋ ಹೊಟ್ಟೆ ತುಂಬಿದವರು ಹಬ್ಬಿಸಿದ ಸುದ್ದಿ.

ಎರಡು ವರ್ಷದ ಕೆಳಗೆ ದಿಂಡಿಗಲ್‌ನಿಂದ ಒಬ್ಬ ಗಂಡ, ಒಬ್ಬಳು ಹೆಂಡತಿ ಫೋನಿಗೆ ಮೂರು ಕಾಲು ಕಟ್ಟಿಕೊಂಡು ಬಂದಿದ್ದರು, ಕಡಿಮೆ ಖರ್ಚಿನ ಹಳ್ಳಿ ಅಡಿಗೆಯ ವಿಡಿಯೋ ಮಾಡಲು. ಹರಿದ ಸೀರೆ ಇದ್ದರೆ ಉಟ್ಟುಕೊಳ್ಳಿ ಪಾಟಿ, ಚೆನ್ನಾಗಿ ಬರುತ್ತದೆ ಎಂದಳು ಆ ಹೆಂಡತಿ. ಪಾಟಿ ಎಂದರೆ ಅಜ್ಜಿ. ಅತ್ತೆ ಒಳಗೆ ಹೋಗಿ ನನ್ನ ಮದುವೆಯಲ್ಲಿ ಕೊಟ್ಟ ರೇಷ್ಮೆ ಸೀರೆ ಉಟ್ಟು ಬಂದಳು. ಆಮೇಲೆ ಇಬ್ಬರನ್ನೂ ಕೂರಿಸಿ ನುಗ್ಗೆಸೊಪ್ಪು ಬಿಡಿಸಲು ಹಚ್ಚಿದಳು. ಅದೇನು ಸಣ್ಣ ಕೆಲಸವೇ? ಬಿಡಿಸಿ ಬಿಡಿಸಿ ಅವರ ಬೆರಳು ಹಸಿರಾದವು, ಬೆಳಕು ಇಳಿಯಿತು. ಕೊನೆಗೆ ಗಂಡ ಕೇಳಿದ, "ಇಷ್ಟು ಕಡಿಮೆಯಲ್ಲಿ ಇಷ್ಟು ರುಚಿ, ಏನು ಪಾಟಿ ಇದರ ರಹಸ್ಯ?"

"ಕಾಸಿಲ್ಲ. ಅದೇ ರಹಸ್ಯ," ಎಂದಳು ಅತ್ತೆ. "ಇದ್ದಿದ್ರೆ ನಾನ್ಯಾಕೆ ಈ ಸೊಪ್ಪ ಕೀಳ್ತಿದ್ದೆ? ಕುರಿ ಕುಯ್ಸಿ ಉಣ್ತಿದ್ದೆ."

ಆ ಮಾತನ್ನು ಅವರು ವಿಡಿಯೋದಲ್ಲಿ ಹಾಕಲಿಲ್ಲ. ಹಿತ್ತಲಿನ ಕೋಳಿಯನ್ನು ಮಾತ್ರ ತುಂಬ ಹೊತ್ತು ತೋರಿಸಿದರು.

ಒಂದು ಕಾಲಕ್ಕೆ ಅವಳ ಜಂಬಕ್ಕೆ ಊರಿನಲ್ಲಿ ಒಂದು ಸಿಂಹಾಸನವಿತ್ತು. ಕೈ ಬಿಗಿ ಇದ್ದ ಮನೆಗಳವರು ಕಿವಿ ಚುಚ್ಚುವುದಕ್ಕೋ ಬಸುರಿಗೆ ಬಳೆ ತೊಡಿಸುವುದಕ್ಕೋ ಅತ್ತೆಯನ್ನೇ ಕರೆಯುತ್ತಿದ್ದರು. ಇದ್ದಷ್ಟು ಸಾಮಾನು ಮುಂದಿಟ್ಟು, ಮಾನ ಕಾಪಾಡಮ್ಮ ಎನ್ನುತ್ತಿದ್ದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಮನೆಯ ಯಜಮಾನಿಯನ್ನೇ ಆಳಿನಂತೆ ಓಡಾಡಿಸಿ, ಬೀದಿಯವರೆಲ್ಲ ಹೊಟ್ಟೆ ತುಂಬ ಉಂಡು ಹೋಗುವಂತೆ ಮಾಡುತ್ತಿದ್ದಳು. ತೋಟದಲ್ಲಿ ದಿನವಿಡೀ ಬಗ್ಗಿದ ಬೆನ್ನು ಅಲ್ಲಿ ಮಾತ್ರ ನೆಟ್ಟಗಾಗುತ್ತಿತ್ತು. ಬೇರೆ ಯಾವ ಶುಭಕಾರ್ಯದಲ್ಲೂ ಗಂಡ ಸತ್ತವಳನ್ನು ಮುಂದೆ ನಿಲ್ಲಿಸದ ನಮ್ಮ ಜನ ಒಲೆಯ ಮುಂದೆ ಮಾತ್ರ ನಿಲ್ಲಿಸಿದ್ದರು. ಖರ್ಚು ಉಳಿಯುತ್ತದಲ್ಲ, ಶಾಸ್ತ್ರ ಸ್ವಲ್ಪ ಸರಿದು ಕೂತುಕೊಳ್ಳುತ್ತದೆ.

ಆ ಸಿಂಹಾಸನ ಹೋದದ್ದು ನನ್ನ ದೆಸೆಯಿಂದ.

ನನ್ನನ್ನು ನೋಡಲು ತೇನಿಯಿಂದ ಒಂದು ಕಡೆಯವರು ಬಂದರು. ಹುಡುಗ, ಅವನ ತಂದೆ, ತಾಯಿ. ಹುಡುಗ ಯಾವುದೋ ಫೈನಾನ್ಸ್‌ನಲ್ಲಿ ಏನೋ ಆಗಿದ್ದ. ಅವನ ತಂದೆ ಹೇಳಿದ ಪ್ರತಿ ಸಲವೂ ಆ ಹುದ್ದೆ ಒಂದು ಮೆಟ್ಟಿಲು ಮೇಲೇರುತ್ತಿತ್ತು, ಇನ್ನೊಂದು ಲೋಟ ಕಾಫಿ ಕೊಟ್ಟಿದ್ದರೆ ಮಾಲೀಕನೇ ಆಗಿಬಿಡುತ್ತಿದ್ದ. ನಮ್ಮವರಲ್ಲಿ ಹೆಣ್ಣು ನೋಡಲು ಬಂದವರು ಕಾಫಿ ಕುಡಿಯಬಹುದು, ಅನ್ನ ಉಣ್ಣುವಂತಿಲ್ಲ. ಹೆಣ್ಣಿನ ಮನೆಯಲ್ಲಿ ಉಂಡರೆ ಅದಕ್ಕೆ 'ಕೈ ನನೆಸುವುದು' ಎನ್ನುತ್ತೇವೆ. ಕೈ ನನೆಸಿದರೆ ಸಂಬಂಧ ಒಪ್ಪಿದಂತೆ, ಆಮೇಲೆ ಎರಡು ಕಡೆಯವರೂ ಹಿಂದೆ ಸರಿಯುವಂತಿಲ್ಲ. ಹಾಗಾಗಿ ಮಾತು ಕುದುರಿದರೆ ಇರಲಿ ಎಂದು ಅಡಿಗೆ ಮಾಡಿಟ್ಟಿರುತ್ತಾರೆ. ಆ ದಿನ ಒಲೆಯ ಮುಂದೆ ಇದ್ದವಳು ಅತ್ತೆ. ಒಣ ಅವರೆಕಾಳು, ಬದನೇಕಾಯಿ ಹಾಕಿದ ಕೊಳಂಬು, ಬಾಳೆಹೂವಿನ ವಡೆ, ಹುರುಳಿ ರಸ, ನುಗ್ಗೆಸೊಪ್ಪಿನ ಪಲ್ಯ. ನಮ್ಮ ಕೈಯಲ್ಲಾದದ್ದು ಅಷ್ಟೇ.

ಹುಡುಗನ ತಾಯಿ ಮನೆ ನೋಡುವ ನೆಪದಲ್ಲಿ ಅಡಿಗೆಮನೆಗೆ ಬಂದಳು. ಮುಚ್ಚಳ ಎತ್ತಿ, "ರೇಷನ್ ಅಕ್ಕಿಯಾ?" ಎಂದಳು.

"ಊಂ," ಎಂದಳು ಅತ್ತೆ. "ಮೂಗಿಗೆ ಗೊತ್ತಾಯ್ತಾ, ಮೂಲೇಲಿರೋ ಮೂಟೆ ನೋಡಿ ಗೊತ್ತಾಯ್ತಾ?"

ಆ ಹೆಂಗಸು ಮುಚ್ಚಳ ಬಿಟ್ಟು ಹೊರಟಳು. ಹೋಗುವಾಗ ಒಂದು ವಡೆ ಅವಳ ಕೈಯಲ್ಲಿತ್ತು. ಬಾಯಿಗಿಡಲಿಲ್ಲ, ಶಾಸ್ತ್ರ ನೋಡಿ, ಮೂಸಿ ಮೂಸಿ ಕಿಟಕಿಯ ಮೇಲಿಟ್ಟಳು.

ನಡುಮನೆಯಲ್ಲಿ ಮಾತು ಮುಂದುವರಿಯಿತು. ಚಿನ್ನ ನಿಮ್ಮಿಷ್ಟ, ನಾವು ಕೇಳುವವರಲ್ಲ ಎಂದರು. ಕೇಳುವವರಲ್ಲ ಎಂದು ಶುರು ಮಾಡುವವರನ್ನು ಕಂಡರೆ ಬಾಗಿಲು ಹಾಕಿಕೊಳ್ಳಬೇಕು. ಕೊನೆಗೆ ಕೇಳಿದ್ದು ಕಾಲುವೆ ಪಕ್ಕದ ತುಂಡು ದ್ರಾಕ್ಷಿ ತೋಟ, ಹುಡುಗನ ಹೆಸರಿಗೆ. ನಮಗಿದ್ದದ್ದು ಅದೊಂದೇ. ಜೊತೆಗೆ, ಕಂಬಂನ ಔಷಧಿ ಅಂಗಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಬಿಡಬೇಕು, ನಮ್ಮ ಮನೆ ಹೆಂಗಸರು ಹಂಗೆಲ್ಲ ಹೊರಗೆ ನಿಲ್ಲಲ್ಲ ಎಂದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ತೇನಿಯ ಮನೆ, ಮಹಡಿ ಮನೆ, ಮಗಳು ಬಿಸಿಲಿಗೆ ಹೋಗಬೇಕಿಲ್ಲ. ಅವನ ತಲೆಯಲ್ಲಿ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಿಧಾನವಾಗಿ ಕುತ್ತಿಗೆ ಆಡಿಸಿದ. "ಎಲೆ ಹಾಕ್ರಿ," ಎಂದ.

ನಾನು ಎಲೆ ತರಲು ಒಳಗೆ ಹೋದೆ. ಎಲ್ಲರೂ ನನ್ನ ವಿಷಯವನ್ನೇ ಮಾತಾಡುತ್ತಿದ್ದರು, ಯಾರೂ ನನ್ನ ಜೊತೆ ಮಾತಾಡಿರಲಿಲ್ಲ. ಹುಡುಗ ನನ್ನನ್ನು ನೋಡಿದ್ದು ಫೋನಿನ ಮೇಲಂಚಿನಿಂದ. ಅತ್ತೆ ಆಗ ತಾನೇ ಕೊಳಂಬಿಗೆ ವಡಗ ಒಗ್ಗರಿಸಿ ಮುಚ್ಚಿದ್ದಳು. ಎಲೆಯ ತುದಿ ಕತ್ತರಿಸುತ್ತಾ ನನ್ನ ಮುಖ ನೋಡಿದಳು. ಕೈ ನಿಂತಿತು.

"ಏನ್ ಡೀ, ನಿಂಗೆ ಮನಸ್ಸಿದ್ಯಾ?"

"ಇಲ್ಲ ಅತ್ತೆ," ಎಂದೆ.

"ನಿಜವಾ?"

"ನಿಜ. ಬೇಡ ಅತ್ತೆ."

ಅವಳು ಸೀರೆಗೆ ಕೈ ಒರೆಸಿಕೊಂಡಳು. ನಡುಮನೆಯ ಹೊಸ್ತಿಲಿಗೆ ಹೋಗಿ ಅಪ್ಪನ ಕಡೆ ತಿರುಗಿ ನಿಂತಳು. ಇನ್ನು ಜಗಳ ಹತ್ತಿತು, ಇಡೀ ಬೀದಿ ಸೇರುತ್ತದೆ ಎಂದುಕೊಂಡೆ. ಅವಳು ಜಗಳವಾಡಲಿಲ್ಲ. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ತಂಬಿ, ಎಲೆ ಬ್ಯಾಡ. ಕೊಳಂಬು ಕೆಟ್ಟೋಯ್ತು. ನನ್ನ ಕೈ ಕೆಟ್ಟೋಯ್ತು ಇವತ್ತು. ಉಣ್ಣೋ ಅಂಗಿಲ್ಲ."

ಸಂಬಂಧ ಕೂಡುವ ದಿನ ಒಲೆಯ ಮೇಲಿದ್ದದ್ದು ಕೆಟ್ಟರೆ ನಮ್ಮವರಿಗೆ ಅದಕ್ಕಿಂತ ದೊಡ್ಡ ಅಪಶಕುನ ಇನ್ನಿಲ್ಲ. ಹುಡುಗನ ತಾಯಿ ಆಗಲೇ ಎದ್ದು ನಿಂತಿದ್ದಳು. ಮನೆಯ ತುಂಬ ವಡಗದ ವಾಸನೆ ಘಮ್ಮೆನ್ನುತ್ತಿತ್ತು. ಹುಡುಗನ ತಂದೆ ಎಂಜಲು ನುಂಗಿದ್ದನ್ನು ನಾನೇ ಕಣ್ಣಾರೆ ಕಂಡೆ. "ರಸ ಆದ್ರೂ..." ಎಂದು ಬಾಯಿ ತೆರೆದವನು ಹೆಂಡತಿ ನೋಡಿದ ನೋಟಕ್ಕೆ ಮುಚ್ಚಿದ. ಮೂಗು ಒಂದು ಹೇಳುತ್ತಿತ್ತು, ಕಿವಿ ಒಂದು ಹೇಳುತ್ತಿತ್ತು. ಆ ಬುದ್ಧಿವಂತರು ಕಿವಿಯನ್ನು ನಂಬಿದರು. ಒಲೆ ಒಪ್ಪದ ಮನೆಯಿಂದ ಹೆಣ್ಣು ತರುವುದು ಬೇಡ ಎಂದು ಅವರೇ ಹೇಳಿ, ಅವರೇ ಚಪ್ಪಲಿ ಹಾಕಿಕೊಂಡು, ದೇವರು ತಮ್ಮನ್ನು ಕಾಪಾಡಿದ ಎಂಬ ಮುಖದಲ್ಲಿ ಕಾರು ಹತ್ತಿದರು.

ಅಪ್ಪ ಅಕ್ಕನ ಮೇಲೆ ಎಗರಿದ. ಮಾನ ಕಳೆದೆ, ನನ್ನ ಮಗಳ ಬಾಳಿಗೆ ಮಣ್ಣು ಹಾಕಿದೆ ಎಂದು ಕೂಗಾಡಿದ. ಅತ್ತೆ ಎಲೆ ಹಾಕಿದಳು, ಅನ್ನ ಬಡಿಸಿದಳು, ಕೊಳಂಬು ಬಡಿಸಿದಳು. "ಉಂಡು ಬಯ್ಯಿ," ಎಂದಳು. ಅಪ್ಪ ಸಿಟ್ಟಿನಲ್ಲೇ ಒಂದು ತುತ್ತು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ತಲೆ ಬಗ್ಗಿಸಿ ಉಂಡ, ಎರಡನೇ ಸಲ ಹಾಕಿಸಿಕೊಂಡ. ಅಮ್ಮ ಗೋಡೆ ಕಡೆಗೆ ತಿರುಗಿ ಅಳುತ್ತಿದ್ದಳು.

"ಇವ್ನೂ ಕೆಟ್ಟೋಯ್ತು ಅಂತ್ಲೇ ಏಳ್ಬೇಕು, ನೀವೂ ಅಂಗೆ ಏಳ್ಬೇಕು," ಎಂದು ಅತ್ತೆ ಅಮ್ಮನಿಗೂ ನನಗೂ ತಾಕೀತು ಮಾಡಿದಳು. "ಎಣ್ಣು ಬ್ಯಾಡ ಅಂದ್ಲು ಅಂತ ಗೊತ್ತಾದ್ರೆ ಇನ್ನೊಬ್ಬ ಈ ಬಾಗ್ಲು ತುಳೀತಾನಾ? ಕೊಳಂಬು ಕೆಟ್ರೆ ನನ್ನ ಕೈ ಕೆಡ್ತದೆ, ಅಷ್ಟೇ. ನಂಗೇನು, ಮದ್ವೆ ಆಗ್ಬೇಕಾ?"

ಸುದ್ದಿ ಹಬ್ಬಲು ಹೊತ್ತಾಗಲಿಲ್ಲ. ಆ ತಾಯಿ ತೇನಿಯಿಂದ ಕಂಬಂವರೆಗೂ ಡಂಗುರ ಹೊಡೆದಳು. ಕಿವಿ ಚುಚ್ಚುವವರು, ಬಳೆ ತೊಡಿಸುವವರು ಅತ್ತೆಯನ್ನು ಕರೆಯುವುದು ನಿಲ್ಲಿಸಿದರು. ವರ್ಷಗಟ್ಟಲೆ ಅವಳ ಕೈಯಲ್ಲಿ ಉಂಡವರೇ, ಆ ಕೈ ಶುಭಕ್ಕಾಗದು ಎಂದರು. ಅವಳು ತೋಟಕ್ಕೆ ಹೋಗುವುದು, ಬರುವುದು, ನಮಗೂ ತನಗೂ ಬೇಯಿಸುವುದು. ಅಷ್ಟೇ ಆಯಿತು. ಬೀದಿಯಲ್ಲಿ ಬೇರೆ ಯಾರದೋ ಮನೆಯ ಶುಭಕಾರ್ಯದ ಒಗ್ಗರಣೆ ವಾಸನೆ ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು.   ಮಾರನೆಯ ವರ್ಷ ನನಗೆ ಸಂಬಂಧ ಕೂಡಿತು. ಒಳ್ಳೆಯ ಸಂಬಂಧವೇ. ನನ್ನನ್ನು ಕೇಳಿಯೇ ಮಾಡಿದರು.

ಆಮೇಲೆ ಎಷ್ಟೋ ವರ್ಷಗಳಾದ ಮೇಲೆ ಮಾರ್ಕಯನ್‌ಕೋಟ್ಟೈಯಲ್ಲಿ ನಂಟರೊಬ್ಬರ ಮದುವೆ. ನಾನು, ನನ್ನ ಗಂಡ, ಅವರ ತಾಯಿ, ಅತ್ತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತೆವು. ಎದುರು ಪಂಕ್ತಿಯಲ್ಲಿ ಅದೇ ಹೆಂಗಸು, ಆ ಹುಡುಗನ ತಾಯಿ. ಇನ್ನೂ ದಪ್ಪಗಾಗಿದ್ದಳು. ಅತ್ತೆಯನ್ನು ಗುರುತು ಹಿಡಿದು, ಸಾಲಿನವರೆಲ್ಲ ಕೇಳಲಿ ಎಂದು ಗಂಟಲು ಎತ್ತರಿಸಿದಳು.

"ಏನಮ್ಮ, ಈಗಾದ್ರೂ ಕೊಳಂಬು ಮಾಡಾಕೆ ಬರ್ತದಾ?"

ಸಾಲಿನವರು ನಕ್ಕರು. ಏನೂ ತಿಳಿಯದ ನನ್ನ ಗಂಡನ ತಾಯಿಯೂ, ಮರ್ಯಾದೆಗೆಂದು ನಕ್ಕರು. ಒಂದು ಹುಳುಕು ಮಾತಿಗೆ ಹತ್ತು ಮಾತು ಆಡುತ್ತಿದ್ದ ಅತ್ತೆ ಮೊದಲು ನನ್ನ ಗಂಡನ ತಾಯಿಯನ್ನು ನೋಡಿದಳು, ಆಮೇಲೆ ಆ ಹೆಂಗಸಿನ ಕಡೆ ತಿರುಗಿದಳು.

"ಇಲ್ಲಮ್ಮ," ಎಂದಳು. "ಅವತ್ತು ಕೆಟ್ಟ ಕೈ, ಇನ್ನೂ ಸರಿ ಓಗಿಲ್ಲ."

 ಇನ್ನು ತಡೆಯಲಾರೆ, ಯಾರು ಏನಾದರೂ ತಿಳಿಯಲಿ, ಇಲ್ಲೇ ಎಲ್ಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅತ್ತೆ ತನ್ನ ಎಲೆಯಲ್ಲಿದ್ದ ಹಪ್ಪಳವನ್ನು ತೆಗೆದು ನನ್ನ ಎಲೆಗೆ ಹಾಕಿದಳು.

"ಉಣ್ಣು. ಮಾತಾಡಬ್ಯಾಡ," ಎಂದಳು.

ನಾನು ಉಂಡೆ.